ಕಾಗದ ಮೊದಲು ನಿಲ್ಲಲಿ, ಪಿಕಾಸೊ ಆಮೇಲೆ ಬರಲಿ

ಪ್ರಶ್ನೆ: ಗಂಗಾವತಿ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿವರೆಗಿನ ನಲಿ-ಕಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. 30 ಮಕ್ಕಳಿದ್ದಾರೆ. ಆಧುನಿಕ ಕಲೆಯ ಪರಿಚಯ ಆಗಲಿ ಅಂತ ಮೊಬೈಲಿನಲ್ಲಿ ಪಿಕಾಸೊ, ಕಾಲ್ಡರ್ ಅವರ ಕೆಲಸ ತೋರಿಸಿ, ಕಾಗದದಲ್ಲಿ ಶಿಲ್ಪ ಮಾಡಿಸಲು ನೋಡಿದೆ. ಎಲ್ಲರೂ ಚಿತ್ರವನ್ನೇ ನಕಲು ಮಾಡಿದರು, ಅದೂ ಚಪ್ಪಟೆಯಾಗಿ. ನಿಲ್ಲಿಸಿದ್ದೆಲ್ಲ ಬಿತ್ತು. ಫೆವಿಕಾಲ್ ಡಬ್ಬಿ ಖಾಲಿಯಾಯಿತು. ಕಡಿಮೆ ಖರ್ಚಿನಲ್ಲಿ, 40 ನಿಮಿಷದ ಪಿರಿಯಡ್ಡಿನಲ್ಲಿ ಇದನ್ನು ಹೇಗೆ ಮಾಡಿಸುವುದು? "ಇದೇನು ಮಾಡಸ್ತೀರಿ ಅಕ್ಕೋರೆ" ಎನ್ನುವ ಪಾಲಕರಿಗೆ ಏನು ಹೇಳಲಿ?

ಉತ್ತರ: ಚಿತ್ರ ಮೊದಲು ತೋರಿಸಿದ್ದರಿಂದಲೇ ಎಡವಟ್ಟಾಗಿದೆ. ಆರು ವರ್ಷದ ಮಗುವಿಗೆ ಗಿಟಾರಿನ ಚಿತ್ರ ತೋರಿಸಿ ಹಾಳೆ ಕೈಗಿಟ್ಟರೆ ಅದು ಗಿಟಾರ್ ಬರೆದು, ಗೆರೆಗುಂಟ ಕತ್ತರಿಸಿ, ಮುಗೀತು ಅನ್ನುತ್ತದೆ. ಮಗುವಿನದು ತಪ್ಪೇನಿಲ್ಲ, ಕಂಡದ್ದು ಚಪ್ಪಟೆ, ಮಾಡಿದ್ದೂ ಚಪ್ಪಟೆ. ಕಲಾವಿದ ಮಾಡಿಟ್ಟ ವಸ್ತುವನ್ನು ಬಿಟ್ಟು, ಅವನು ಬಿಡಿಸಲು ಕೂತ ತೊಡಕನ್ನು ಮಕ್ಕಳ ಮುಂದಿಡಿ. ತೆಳು ಹಾಳೆ ತನ್ನ ಕಾಲ ಮೇಲೆ ತಾನು ನಿಲ್ಲುವುದು ಹೇಗೆ? ಅಂಟಿಲ್ಲದೆ ಎರಡು ತುಂಡು ಒಂದನ್ನೊಂದು ಹಿಡಿದುಕೊಳ್ಳುವುದು ಹೇಗೆ? ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಸಣ್ಣದು ತೂಗಿದರೂ ಕಡ್ಡಿ ಸಮನಾಗಿ ನಿಲ್ಲುವುದು ಹೇಗೆ? ಮಕ್ಕಳು ತಮ್ಮ ತಮ್ಮ ಉತ್ತರ ಕಟ್ಟಿ ಮುಗಿಸಲಿ. ಮೊಬೈಲು ತೆಗೆಯುವುದು ಕೊನೆಯ ಐದು ನಿಮಿಷದಲ್ಲಿ. ಆಗ ಅವರು ಚಿತ್ರ ನೋಡುವ ರೀತಿಯೇ ಬೇರೆ ಇರುತ್ತದೆ. ಈ ಕಲಾವಿದ ಕಾಲು ಎಲ್ಲಿ ಕೊಟ್ಟಿದ್ದಾನೆ ಎಂದು ಹುಡುಕುತ್ತಾರೆ.

ಈ ಕ್ರಮ ಹಳೆಯದೇ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ 1920ರ ದಶಕದಲ್ಲಿ ಯೋಸೆಫ್ ಆಲ್ಬರ್ಸ್ ಹೊಸ ವಿದ್ಯಾರ್ಥಿಗಳಿಗೆ ದಿನಪತ್ರಿಕೆ ಹಂಚಿ, ಕಾಗದದ ಗುಣಕ್ಕೆ ಒಪ್ಪುವಂಥದ್ದು ಏನಾದರೂ ಮಾಡಿ, ಆದಷ್ಟು ಕತ್ತರಿ ಅಂಟು ಮುಟ್ಟಬೇಡಿ ಎಂದು ಹೇಳಿ ಹೊರಟುಬಿಡುತ್ತಿದ್ದರು. ತಿರುಗಿ ಬಂದು ನೋಡಿದರೆ ಕೋಟೆ, ಹಡಗು, ಮುಖವಾಡ. ಇವನ್ನು ಬೇರೆ ಸಾಮಾನಿನಲ್ಲಿ ಇನ್ನೂ ಚೆನ್ನಾಗಿ ಮಾಡಬಹುದಿತ್ತಲ್ಲ ಎಂದು ಬದಿಗಿಟ್ಟು, ಹಾಳೆಯನ್ನು ಉದ್ದಕ್ಕೆ ಮಡಚಿ ನಿಲ್ಲಿಸಿದ್ದ ಒಬ್ಬನ ಕೆಲಸವನ್ನು ಅವರು ಮೆಚ್ಚಿಕೊಂಡ ಪ್ರಸಂಗವನ್ನು ಶಿಷ್ಯ ಹಾನೆಸ್ ಬೆಕ್ಮನ್ ಬರೆದಿಟ್ಟಿದ್ದಾರೆ. ನಿಮ್ಮ ಮೊದಲ ಪಿರಿಯಡ್ಡಿಗೂ ಇಷ್ಟು ಸಾಕು: ತಲೆಗೆ ಒಂದು ಹಳೆ ಪೇಪರ್ ಹಾಳೆ, "ಕೈ ಬಿಟ್ಟರೂ ನಿಲ್ಲಬೇಕು" ಎಂಬ ಒಂದೇ ಷರತ್ತು. ಫ್ಯಾನ್ ಬಂದ್. ಖರ್ಚು ಸೊನ್ನೆ. ಮಡಚಿದ್ದು ನಿಲ್ಲುತ್ತದೆ, ಸುತ್ತಿದ್ದು ನಿಲ್ಲುತ್ತದೆ, ಮುದ್ದೆ ಮಾಡಿದ್ದು ಕೂರುತ್ತದೆ, ಸುಮ್ಮನೆ ಹಿಡಿದದ್ದು ಬೀಳುತ್ತದೆ. ನೀವು ಹೇಳಿಕೊಡುವ ಮೊದಲೇ ಇದನ್ನೆಲ್ಲ ಮಕ್ಕಳು ಕಂಡುಕೊಂಡಿರುತ್ತಾರೆ.

ಇನ್ನು ನಿಜವಾದ ಕೆಲಸ. ಮೊದಲು ಪಟ್ಟಿ ಶಿಲ್ಪ ಮಾಡಿಸಿ. ಆರು ವರ್ಷದವರ ಕೈಗೆ ಇದರಷ್ಟು ಒಗ್ಗುವುದು ಬೇರೆ ಇಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಂಗಡಿಯ ದೊಡ್ಡ ಚಾರ್ಟ್ ಸಾಮಾನ್ಯವಾಗಿ 22×28 ಇಂಚು, ಅಂದರೆ ಸುಮಾರು 56×71 ಸೆಂ.ಮೀ. ಇದರಿಂದ 3 ಸೆಂ.ಮೀ. ಅಗಲ, 28 ಸೆಂ.ಮೀ. ಉದ್ದದ ಪಟ್ಟಿಗಳನ್ನು ಮೊದಲೇ ಕತ್ತರಿಸಿಟ್ಟುಕೊಳ್ಳಿ. ಮಗುವಿಗೆ ಆರರಂತೆ 30 ಮಕ್ಕಳಿಗೆ 180 ಪಟ್ಟಿ ಬೇಕು. ಐದು ಚಾರ್ಟ್ ತಂದರೆ ಕೊರತೆಯಾಗದು. ಜೆರಾಕ್ಸ್ ಹಾಳೆ (70–80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಇದಕ್ಕೆ ತೀರಾ ಮೆತ್ತಗೆ, ಕಮಾನು ಮಾಡಿದರೆ ಕುಸಿಯುತ್ತದೆ. ಪೀಠಕ್ಕೆ ಕಿರಾಣಿ ಅಂಗಡಿಯ ಪೆಟ್ಟಿಗೆ ರಟ್ಟು, 12×15 ಸೆಂ.ಮೀ. ತುಂಡು, ತಲೆಗೊಂದು. ಪೀಠವನ್ನೂ ಚಾರ್ಟಿನಲ್ಲೇ ಮಾಡಿದರೆ ಅಂಟು ಒಣಗುವಾಗ ಪೀಠ ಡೊಂಕಾಗಿ, ಮೇಲಿನದೆಲ್ಲ ವಾಲುತ್ತದೆ. ಪೀಠ ಯಾವಾಗಲೂ ಪಟ್ಟಿಗಿಂತ ದಪ್ಪ ಇರಲಿ.

ಕತ್ತರಿಸುವ ಮುಂಚೆ ಕಾಗದದ ಎಳೆ ಯಾವ ಕಡೆಗಿದೆ ನೋಡಿಕೊಳ್ಳಿ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಚಾರ್ಟನ್ನು ಗೆರೆ ಬೀಳದ ಹಾಗೆ ಅರ್ಧಕ್ಕೆ ಬಾಗಿಸಿ ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಆಮೇಲೆ ಇನ್ನೊಂದು ದಿಕ್ಕಿಗೆ ಬಾಗಿಸಿ ಒತ್ತಿ. ಯಾವ ಕಡೆ ಸುಲಭವಾಗಿ ಬಗ್ಗಿತೋ ಆ ಬಾಗುಗೆರೆಯ ಉದ್ದಕ್ಕೇ ನಾರು ಇದೆ. ಪಟ್ಟಿಯ ಅಡ್ಡಕ್ಕೆ, ಅಂದರೆ 3 ಸೆಂ.ಮೀ. ಅಗಲದ ಕಡೆಗೆ, ನಾರು ಬರುವಂತೆ ಕತ್ತರಿಸಿ. ಆಗ ಕಮಾನು ನುಣ್ಣಗೆ ಬಾಗುತ್ತದೆ, ಕಾಲಿನ ಮಡಿಕೆ ನೇರ ಬರುತ್ತದೆ. ಉಲ್ಟಾ ಆದರೆ ಪಟ್ಟಿ ಮೊಂಡು ಹಿಡಿದು ನಡುವೆ ಎಲ್ಲೋ ಒಂದು ಕಡೆ ಲಟಕ್ಕನೆ ಮುರಿದು ಬಗ್ಗುತ್ತದೆ, ಮಡಿಕೆಯ ಬೆನ್ನು ಸಿಡಿದು ಬಿಳಿ ನಾರು ಕಾಣುತ್ತದೆ. "ನಂದು ಯಾಕೋ ಬರವಲ್ದು ಟೀಚರ್" ಎಂದು ಅರ್ಧ ತರಗತಿ ಎದ್ದು ಬರುವುದು ಬಹಳ ಸಲ ಇದೇ ಕಾರಣಕ್ಕೆ.

ಈಗ ಮಕ್ಕಳ ಕೆಲಸ. ಪಟ್ಟಿಯ ಎರಡೂ ತುದಿಯನ್ನು ಎರಡು ಬೆರಳಿನಷ್ಟು, ಸುಮಾರು 2 ಸೆಂ.ಮೀ., ಮಡಚಬೇಕು. ಅದಕ್ಕೆ "ಪಾದ" ಎಂದು ಹೆಸರಿಡಿ. ಮಡಿಕೆಯ ಮೇಲೆ ಉಗುರಿನಿಂದ ಒಮ್ಮೆ ತೀಡಿದರೆ ಗಟ್ಟಿಯಾಗುತ್ತದೆ. ಅಂಟು ಹಚ್ಚುವ ಮುಂಚೆ ಪೀಠದ ಮೇಲೆ ಒಣದಾಗಿಯೇ ನಿಲ್ಲಿಸಿ ನೋಡಬೇಕು. ಪಾದ ಎಲ್ಲಿ ಬಂತೋ ಅಲ್ಲಿ ಪೆನ್ಸಿಲ್ ಗುರುತು. ಈ ಒಂದು ಹೆಜ್ಜೆ ಬಿಟ್ಟರೆ ಪಾದದ ಮೇಲೆ ಹಚ್ಚಬೇಕೋ ಕೆಳಗೆ ಹಚ್ಚಬೇಕೋ ಗೊತ್ತಾಗದೆ ಎರಡೂ ಕಡೆ ಹಚ್ಚುತ್ತಾರೆ, ಕೈಗೂ ಹಚ್ಚಿಕೊಳ್ಳುತ್ತಾರೆ.

ಫೆವಿಕಾಲ್ ಡಬ್ಬಿ ಮಕ್ಕಳ ಕೈಗೆ ಕೊಡಲೇಬೇಡಿ. ನಾಲ್ಕು ಮಕ್ಕಳಿಗೆ ಒಂದು ಬಾಟಲಿ ಮುಚ್ಚಳದಲ್ಲಿ ಸ್ವಲ್ಪ ಹಾಕಿ, ಹಚ್ಚಲು ಬೆಂಕಿಕಡ್ಡಿ ಕೊಡಿ (ಮದ್ದಿನ ತುದಿ ಮುರಿದು). ಒಂದು ಪಾದಕ್ಕೆ ಹೆಸರುಕಾಳಿನಷ್ಟು ಸಾಕು, ಅದನ್ನು ತೆಳ್ಳಗೆ ಸವರಬೇಕು. ಜಾಸ್ತಿ ಹಚ್ಚಿದರೆ ಜಾಸ್ತಿ ಗಟ್ಟಿ ಎಂಬ ನಂಬಿಕೆ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಇದೆ. ಫೆವಿಕಾಲ್ ನೀರಿನ ಅಂಟು. ನೀರು ಕಾಗದದೊಳಗೆ ಇಳಿದರೆ ನಾರು ಸಡಿಲವಾಗಿ ಪಟ್ಟಿ ಮೆತ್ತಗಾಗುತ್ತದೆ. ಆ ನೀರು ಹೋಗುವ ತನಕ ಅಂಟು ಹಿಡಿಯುವುದಿಲ್ಲ. ದಪ್ಪ ಹಚ್ಚಿದ ಪಾದ ಜಾರುತ್ತಲೇ ಇರುತ್ತದೆ. ತೆಳ್ಳಗೆ ಹಚ್ಚಿ, ಬೆರಳಿನಿಂದ ಒತ್ತಿ, ಒಂದರಿಂದ ಇಪ್ಪತ್ತರವರೆಗೆ ಎಣಿಸಿದರೆ ನಿಲ್ಲುತ್ತದೆ. (ಗಣಿತದ ಪಿರಿಯಡ್ಡಿನ ಲೆಕ್ಕಕ್ಕೂ ಬಂತು.) ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇನ್ನೊಂದು ಪೇಚು: ಎರಡೂ ಪಾದಕ್ಕೆ ಒಟ್ಟಿಗೆ ಹಚ್ಚಿಕೊಂಡರೆ ಒಂದನ್ನು ಒತ್ತುವಷ್ಟರಲ್ಲಿ ಇನ್ನೊಂದರ ಮೇಲೆ ಸಿಪ್ಪೆ ಕಟ್ಟಿರುತ್ತದೆ. ಒಂದು ಪಾದ ಮುಗಿಸಿ ಇನ್ನೊಂದಕ್ಕೆ ಹಚ್ಚಲಿ.

ಮೊದಲ ಮೂರು ಪಟ್ಟಿಗೆ ನಿಯಮ ಒಂದೇ: ಎರಡು ಪಾದವೂ ನೆಲ ಮುಟ್ಟಬೇಕು. ಪಾದಗಳು ಹತ್ತಿರ ಬಂದರೆ ಕಮಾನು ಎತ್ತರ, ದೂರ ಹೋದರೆ ತಗ್ಗು. 24 ಸೆಂ.ಮೀ. ಉಳಿದಿರುವ ಪಟ್ಟಿಗೆ ಪಾದಗಳ ನಡುವೆ 8ರಿಂದ 10 ಸೆಂ.ಮೀ. ಬಿಟ್ಟರೆ ಚೆನ್ನಾಗಿ ನಿಲ್ಲುತ್ತದೆ. ಎರಡನೇ ಪಟ್ಟಿ ಮೊದಲನೆಯದರ ಕೆಳಗೆ ತೂರಲಿ, ಇಲ್ಲವೇ ಮೇಲೆ ಹಾಯಲಿ. ಉಳಿದ ಮೂರು ಪಟ್ಟಿಯ ಪಾದ ನೆಲಕ್ಕೂ ಬರಬಹುದು, ಬೇರೆ ಪಟ್ಟಿಯ ಬೆನ್ನಿಗೂ ಬರಬಹುದು. ಇಲ್ಲಿಂದ ಮುಂದೆ ಒಬ್ಬರದು ಇನ್ನೊಬ್ಬರದರಂತೆ ಇರುವುದಿಲ್ಲ. ಒಬ್ಬಳು ಪಟ್ಟಿಯನ್ನು ಬೀಸಣಿಗೆಯ ಮಡಿಕೆ ಹಾಕುತ್ತಾಳೆ, ಒಬ್ಬ ಡೆಸ್ಕಿನ ಅಂಚಿಗೆ ಎಳೆದು ಸುರುಳಿ ಮಾಡುತ್ತಾನೆ. ಇದನ್ನು ತೋರಿಸಿಕೊಡುವುದಾದರೆ ಒಂದು ಪಟ್ಟಿಯಲ್ಲಿ ತೋರಿಸಿ, ತೋರಿಸಿದ್ದನ್ನು ಕಣ್ಣೆದುರಿನಿಂದ ತೆಗೆದುಬಿಡಿ. ಮೇಜಿನ ಮೇಲೆ ಟೀಚರ್ ಮಾಡಿದ್ದು ಉಳಿದರೆ 30 ಮಕ್ಕಳೂ ಅದನ್ನೇ ಮಾಡುತ್ತಾರೆ.

ಬಣ್ಣ ಒಂದೇ ಕೊಡಿ, ಹೆಚ್ಚೆಂದರೆ ಎರಡು. ಆರು ಬಣ್ಣ ಕೊಟ್ಟರೆ ಪಿರಿಯಡ್ಡಿನ ಅರ್ಧ "ನನಗ ಕೆಂಪು ಬೇಕು" ಎಂಬುದರಲ್ಲೇ ಕಳೆಯುತ್ತದೆ. ಕಣ್ಣೂ ಬಣ್ಣಕ್ಕೆ ಹೋಗಿ ಆಕಾರದ ಮೇಲೆ ನಿಲ್ಲುವುದಿಲ್ಲ.

ಮುಗಿದ ಮೇಲೆ ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ (1898–1976) ಅವರ 'ಫ್ಲಮಿಂಗೊ' ತೋರಿಸಿ. ಷಿಕಾಗೊ ನಗರದ ಚೌಕದಲ್ಲಿ 1974ರಲ್ಲಿ ನಿಲ್ಲಿಸಿದ, 16 ಮೀಟರ್ ಎತ್ತರದ ಕೆಂಪು ಉಕ್ಕಿನ ಶಿಲ್ಪ ಅದು. ಕಮಾನಿನಂಥ ಕಾಲುಗಳು, ಜನ ಅದರ ಕೆಳಗೇ ಓಡಾಡುತ್ತಾರೆ. ತಮ್ಮ ಪಟ್ಟಿಯ ಕೆಳಗೆ ಒಂದು ಹುಣಸೆಬೀಜ ಇಟ್ಟು, ಅದು ಮನುಷ್ಯ ಅಂದುಕೊಂಡು, ಡೆಸ್ಕಿನ ಮಟ್ಟಕ್ಕೆ ಕಣ್ಣಿಟ್ಟು ನೋಡಲು ಹೇಳಿ. ಅಂಗೈ ಅಗಲದ ಕಾಗದ ಗುಡಿಯಷ್ಟು ದೊಡ್ಡದಾಗಿ ಕಾಣಿಸುತ್ತದೆ. ಶಿಲ್ಪದ ಪಾಠದಲ್ಲಿ ಅಳತೆ ಎಂಬುದನ್ನು ಆ ವಯಸ್ಸಿನವರಿಗೆ ತಿಳಿಸಲು ಇದಕ್ಕಿಂತ ಸಸಾರದ ದಾರಿ ಇಲ್ಲ.

ಎರಡನೇ ಕೆಲಸ ಸೀಳು ಜೋಡಣೆ. ಇದು ಎರಡು, ಮೂರನೇ ತರಗತಿಯವರಿಗೆ. ಒಂದನೇ ತರಗತಿಯವರಿಗೆ ಸೀಳನ್ನು ನೀವೇ ಹಾಕಿಕೊಡಬೇಕಾಗುತ್ತದೆ. ಅಂಟು ಬೇಡವೇ ಬೇಡ. ಸಾಮಾನು ಎಂದರೆ ಲಗ್ನಪತ್ರಿಕೆ. ಮದುವೆ ಸೀಸನ್ ಮುಗಿದ ಮೇಲೆ ಒಂದೊಂದು ಮನೆಯಲ್ಲಿ ಹತ್ತಾರು ಬಿದ್ದಿರುತ್ತವೆ, ದಪ್ಪನೆಯ ಒಳ್ಳೆ ಕಾರ್ಡು. ಅದರ ಮಿರುಗುವ ಮೈ ಅಂಟು ಹಿಡಿಯುವುದಿಲ್ಲ, ಇಲ್ಲಿ ಅಂಟೇ ಇಲ್ಲವಲ್ಲ. ಒಂದೇ ಎಚ್ಚರ: ಗಣಪತಿ, ಮನೆದೇವರ ಚಿತ್ರವಿರುವ ಭಾಗವನ್ನು ನೀವೇ ಮೊದಲು ಬಿಡಿಸಿ ತೆಗೆದಿಡಿ. ದೇವರ ಮೇಲೆ ಕತ್ತರಿ ಹಾಕಿಸಿದರು ಎಂಬ ಮಾತು ಊರಲ್ಲಿ ಹಬ್ಬಿದರೆ ಕಲೆಯ ಪಿರಿಯಡ್ಡು ಅಲ್ಲಿಗೆ ಮುಗಿಯಿತು. ಚಹಾಪುಡಿ, ಊದುಬತ್ತಿ ಡಬ್ಬಿಯ ರಟ್ಟೂ ನಡೆಯುತ್ತದೆ.

ಮಗುವಿಗೆ ಅಂಗೈ ಅಗಲದ (8ರಿಂದ 10 ಸೆಂ.ಮೀ.) ಐದು ತುಂಡು. ಅಂಚು ಹೇಗೆ ಬೇಕಾದರೂ ಕತ್ತರಿಸಲಿ: ದುಂಡು, ಮೊನಚು, ಡೊಂಕು. ಪ್ರತಿ ತುಂಡಿಗೆ ಅಂಚಿನಿಂದ ಒಳಕ್ಕೆ 3–4 ಸೆಂ.ಮೀ. ಸೀಳು. ಒಂದರ ಸೀಳು ಮೇಲ್ಮುಖ, ಇನ್ನೊಂದರದು ಕೆಳಮುಖ ಹಿಡಿದು ಒಂದರೊಳಗೊಂದು ಇಳಿಸಬೇಕು. ಲಗ್ನಪತ್ರಿಕೆಯ ಕಾರ್ಡಿಗೆ ಕತ್ತರಿಯ ಒಂದೇ ಕಚ್ಚು ಸಾಕು. ಪದರ ಪದರದ ಪೆಟ್ಟಿಗೆ ರಟ್ಟಾದರೆ ಒಂದೇ ಗೆರೆ ಸಾಲದು, ರಟ್ಟಿನ ದಪ್ಪದಷ್ಟೇ, ಸುಮಾರು 3 ಮಿ.ಮೀ., ಅಗಲ ತೆಗೆಯಬೇಕು. ಅದು ಬ್ಲೇಡಿನ ಕೆಲಸ, ನೀವೇ ಮನೆಯಿಂದ ಮಾಡಿಕೊಂಡು ಬನ್ನಿ. ಸೀಳು ಅಗಲವಾದರೆ ತುಂಡು ಗಡಗಡ ಅಲುಗಾಡುತ್ತದೆ. ಒಂದು ಸೆಂಟಿಮೀಟರಷ್ಟೇ ಹಾಕಿದರೆ ಹಿಡಿತ ಸಾಲದೆ ವಾಲುತ್ತದೆ. ಸೀಳು ಅಂಚಿಗೆ ನೆಟ್ಟಗಿರದೆ ಓರೆಯಾದರೆ ಜೋಡಿಸಿದ್ದೂ ಓರೆ. ಇದನ್ನು ತಪ್ಪು ಎಂದು ತಿದ್ದಬೇಡಿ, ಎಷ್ಟೋ ಸಲ ಶಿಲ್ಪಕ್ಕೆ ಚೆಲುವು ಬರುವುದೇ ಅಲ್ಲಿಂದ. ಬೀಳುತ್ತಿದ್ದರೆ ಮಾತ್ರ ಎದುರು ಬದಿಗೆ ಇನ್ನೊಂದು ತುಂಡು ಸಿಕ್ಕಿಸಲು ಹೇಳಿ. ನೆಲ ಮುಟ್ಟುವ ಬಿಂದು ಮೂರಾದರೆ, ಆ ಮೂರೂ ಒಂದೇ ಸಾಲಿನಲ್ಲಿ ಇಲ್ಲದಿದ್ದರೆ, ಶಿಲ್ಪ ನಿಂತಿತು.

ದುಂಡಗೆ ಕತ್ತರಿಸುವಾಗ ಮಕ್ಕಳು ಮೊಣಕೈ ಎತ್ತಿ ಕತ್ತರಿಯನ್ನೇ ತಿರುಗಿಸುತ್ತಾರೆ, ಅಂಚು ಹಲ್ಲುಹಲ್ಲಾಗುತ್ತದೆ. ಕತ್ತರಿ ಇದ್ದಲ್ಲೇ ಇರಲಿ, ಎಡಗೈ ಹಾಳೆಯನ್ನು ತಿರುಗಿಸಲಿ. ಎಡಚ ಮಕ್ಕಳಿಗೆ ಇದರ ಉಲ್ಟಾ. ಅವರಿಗೆ ಸಾಮಾನ್ಯ ಕತ್ತರಿ ಹಾಳೆಯನ್ನು ಕತ್ತರಿಸದೆ ನಡುವೆ ಮಡಚುತ್ತದೆ. ಕೈ ಬದಲಿಸಲು ಒತ್ತಾಯಿಸಬೇಡಿ, ಹರಿದು ಮಾಡಲಿ. ಹರಿದ ಅಂಚು ಚೆನ್ನಾಗಿಯೇ ಕಾಣುತ್ತದೆ.

ಇದಾದ ಮೇಲೆ ತೋರಿಸಬೇಕಾದವರು ಜಪಾನಿ ಮೂಲದ ಅಮೆರಿಕನ್ ಶಿಲ್ಪಿ ಇಸಾಮು ನೊಗುಚಿ. ಅವರ 'ಕೌರೊಸ್' (1945) ಸುಮಾರು 3 ಮೀಟರ್ ಎತ್ತರದ ಅಮೃತಶಿಲೆಯ ಶಿಲ್ಪ, ಹಲಗೆಯಂಥ ಕಲ್ಲುಗಳು ಸೀಳಿನಲ್ಲಿ ಸಿಕ್ಕಿಕೊಂಡೇ ನಿಂತಿವೆ. ಆಮೇಲೆ ನಿಮ್ಮ ತಾಲ್ಲೂಕಿನದೇ ಹಿರೇಬೆಣಕಲ್ ಗುಡ್ಡದ ಫೋಟೊ ಪಕ್ಕಕ್ಕಿಡಿ. ಕಬ್ಬಿಣಯುಗದ ಆ ಕಲ್ಮನೆಗಳಲ್ಲಿ ಚಪ್ಪಡಿಗಳು ಒಂದಕ್ಕೊಂದು ಆನಿಕೊಂಡು ನಿಂತಿವೆ, ಮೇಲೆ ಇನ್ನೊಂದು ಚಪ್ಪಡಿ, ಕೆಲವದರ ಗೋಡೆಗೆ ದುಂಡನೆಯ ಕಂಡಿ. ಅದು ಆಧುನಿಕ ಕಲೆಯಲ್ಲ ನಿಜ. ಆದರೆ ಚಪ್ಪಟೆ ವಸ್ತುವನ್ನು ನಿಲ್ಲಿಸುವ ತೊಡಕು ಅದೇ, ಮಕ್ಕಳಲ್ಲಿ ಕೆಲವರು ಆ ಗುಡ್ಡ ಹತ್ತಿಯೂ ಇರಬಹುದು. ಮುಂದಿನ ವಾರ ಐದು ತುಂಡಿನಲ್ಲಿ ಒಂದಕ್ಕೆ ಕಂಡಿ ಹಾಕಲು ಹೇಳಿ: ತುಂಡನ್ನು ನಡುವೆ ಮೆಲ್ಲಗೆ ಬಾಗಿಸಿ, ಮಡಿಕೆಯ ಮೇಲೆ ಅರ್ಧಚಂದ್ರ ಕತ್ತರಿಸಿದರೆ ಬಿಚ್ಚಿದಾಗ ಪೂರ್ತಿ ಕಂಡಿ. ಕಂಡಿಯೊಳಗಿಂದ ಹಿಂದಿನ ತುಂಡು ಕಾಣಬೇಕು ಎಂಬುದು ಷರತ್ತು.

ಪಿಕಾಸೊ ಬೇಕೇ ಬೇಕೆಂದರೆ ತಂಬೂರಿ ಮಾಡಿಸಿ. 1912ರಲ್ಲಿ ಅವರು ರಟ್ಟು, ಕಾಗದ, ದಾರದಿಂದ ಒಂದು ಗಿಟಾರ್ ಕಟ್ಟಿದರು. ನಾದ ಹೊರಡುವ ತೂತು ಒಳಕ್ಕೆ ಇರಬೇಕಲ್ಲ, ಅದನ್ನು ಕೊಳವೆಯಂತೆ ಹೊರಕ್ಕೆ ಚಾಚಿಸಿದ್ದೇ ಆ ಕೆಲಸದ ಜಾಣತನ. ಮಕ್ಕಳು ಊದುಬತ್ತಿ ಡಬ್ಬಿಯ ದಂಡಿ, ಸ್ವೀಟ್ ಡಬ್ಬಿಯ ಮೈ, ಮೂರು ದಾರ ಜೋಡಿಸಲಿ. ಕೊಳವೆ ನಿಲ್ಲಲು ಅದರ ಒಂದು ಬಾಯಿಗೆ ಸುತ್ತಲೂ 1 ಸೆಂ.ಮೀ. ಆಳದ ಕಚ್ಚು ಹಾಕಿ, ಹೂವಿನ ದಳದಂತೆ ಹೊರಕ್ಕೆ ಮಡಚಿ, ದಳದ ಅಡಿಗೆ ಅಂಟು ಹಚ್ಚಬೇಕು. ಕೊಳವೆಯ ಬರೀ ಅಂಚಿಗೆ ಅಂಟು ಹಚ್ಚಿದರೆ ಎಂದೂ ನಿಲ್ಲದು. ದಾರವನ್ನು ಜೋರಾಗಿ ಬಿಗಿದರೆ ಡಬ್ಬಿ ಬಾಗುತ್ತದೆ. ತುಸು ಸಡಿಲವೇ ಇರಲಿ.

ಚಹಾದ ಕಾಗದದ ಕಪ್ಪಿನಲ್ಲಿ ಶಿಲ್ಪಿ ಬ್ರಾಂಕುಸಿಯವರ ಕಂಬ ಮಾಡಿಸಬಹುದು, ಅದು ಆಟದಷ್ಟೇ ಸುಲಭ. ರುಮೇನಿಯಾದ ತಿರ್ಗು ಜಿಯು ಊರಿನಲ್ಲಿ 1938ರಲ್ಲಿ ನಿಂತ ಅವರ 'ಕೊನೆಯಿಲ್ಲದ ಕಂಬ' 29 ಮೀಟರಿಗೂ ಎತ್ತರ, ಉದ್ದಕ್ಕೂ ಒಂದೇ ಆಕಾರ ಮತ್ತೆ ಮತ್ತೆ. ಬಾಯಿಗೆ ಬಾಯಿ, ತಳಕ್ಕೆ ತಳ ಕೂಡಿಸಿ ಹೊಸ ಕಪ್ಪು ಪೇರಿಸಿದರೆ ಅದೇ ಲಯ ಬರುತ್ತದೆ. ಕಪ್ಪಿಗೆ ಪ್ಲಾಸ್ಟಿಕ್ ಲೇಪ ಇರುವುದರಿಂದ ಫೆವಿಕಾಲ್ ನೆಚ್ಚಬೇಡಿ, ಟೇಪ್ ಸುತ್ತಿ. ತಳ ಒಳಕ್ಕೆ ತಗ್ಗಿರುವುದರಿಂದ ತಳಕ್ಕೆ ತಳ ಬರುವಲ್ಲಿ ನಡುವೆ ಒಂದು ರಟ್ಟಿನ ಬಿಲ್ಲೆ ಇಡಿ. ಎಲ್ಲಕ್ಕಿಂತ ಕೆಳಗಿನ ಕಪ್ಪಿನಲ್ಲಿ ಒಂದು ಹಿಡಿ ಉಸುಕು.

ತೂಗುಶಿಲ್ಪವನ್ನು ಮೂರನೇ ತರಗತಿಗಿಂತ ಕೆಳಗೆ ಮಾಡಿಸಬೇಡಿ. ದಾರದ ಗಂಟು ಹಾಕುವುದರಲ್ಲೇ ಪಿರಿಯಡ್ಡು ಮುಗಿಯುತ್ತದೆ. ಮಾಡಿಸುವಾಗ ಕೆಳಗಿನಿಂದ ಮೇಲಕ್ಕೆ ಕಟ್ಟಬೇಕು. ಮೇಲಿನ ಕಡ್ಡಿಯಿಂದ ಶುರುಮಾಡಿದರೆ ಕೆಳಗೆ ಒಂದೊಂದು ಸೇರಿಸಿದಾಗಲೂ ಮೇಲಿನ ಸಮತೋಲ ಕೆಡುತ್ತದೆ. 20 ಸೆಂ.ಮೀ. ಕಸಬರಿಗೆ ಕಡ್ಡಿಯ ಎರಡು ತುದಿಗೆ ಎರಡು ಆಕಾರ ಕಟ್ಟಿ, ನಡುವಿನ ದಾರವನ್ನು ಕಡ್ಡಿ ಸಮವಾಗುವವರೆಗೆ ಸರಿಸಿ, ಅಲ್ಲಿ ಒಂದು ಹನಿ ಅಂಟು. ಒಂದು ಆಕಾರ ಇನ್ನೊಂದರ ಎರಡರಷ್ಟು ಭಾರವಿದ್ದರೆ ದಾರದಿಂದ ಅದರ ದೂರ ಅರ್ಧವಾಗಬೇಕು, 12 ಸೆಂ.ಮೀ.ಗೆ 6. ಕಸಬರಿಗೆ ಕಡ್ಡಿ ಒಂದು ತುದಿಗೆ ಸಣ್ಣಗಾಗುವುದರಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಅದನ್ನು ದಾರ ಸರಿಸಿಯೇ ಕಂಡುಕೊಳ್ಳಲಿ. ಕಾಲ್ಡರ್ ಮಾಡಿದ ತೂಗುಶಿಲ್ಪಗಳಿಗೆ 'ಮೊಬೈಲ್' ಎಂಬ ಹೆಸರು ಕೊಟ್ಟದ್ದು ಫ್ರಾನ್ಸಿನ ಕಲಾವಿದ ಮಾರ್ಸೆಲ್ ದುಶಾಂ, 1931ರಲ್ಲಿ. ಕಾಲ್ಡರ್ 1955ರಲ್ಲಿ ಅಹಮದಾಬಾದಿಗೆ ಬಂದು ಸಾರಾಭಾಯಿ ಮನೆತನದ ಅತಿಥಿಯಾಗಿದ್ದು ಅಲ್ಲೇ ಹಲವು ಶಿಲ್ಪ ಮಾಡಿದ್ದರು ಎಂದೂ ಹೇಳಿ, ದೂರದ ಹೆಸರು ಸ್ವಲ್ಪ ಹತ್ತಿರ ಬರುತ್ತದೆ.

ಅಂಟಿನ ಬಗ್ಗೆ ಇನ್ನೆರಡು ಮಾತು. ಖರ್ಚು ಉಳಿಸಲು ಮೈದಾ ಅಂಟು ಮಾಡುವುದಾದರೆ ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನಾಲ್ಕು ಲೋಟ ನೀರಿಗೆ ಸುರಿದು, ಬಿಳಿ ಬಣ್ಣ ಹೋಗಿ ಪಾರಕವಾಗುವ ತನಕ ಎರಡು ಮೂರು ನಿಮಿಷ ತಿರುವಿ. ದಿನಪತ್ರಿಕೆ ಪದರ ಅಂಟಿಸಲು ಅದು ಒಳ್ಳೆಯದು, ಪಟ್ಟಿಯ ಪಾದಕ್ಕೆ ಬೇಡ, ತೀರಾ ನೀರು. ಹಳೆಯ ಬೈಂಡರುಗಳು ಹುಳ ಹಿಡಿಯದಂತೆ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮಕ್ಕಳ ಕೆಲಸಕ್ಕೆ ಹಾಕಲೇಕೂಡದು. ಅಂದಂದಿಗೆ ಮಾಡಿ ಉಳಿದದ್ದು ಚೆಲ್ಲಿಬಿಡಿ. ಕಿನ್ನಾಳದ ಗೊಂಬೆ ಕೆಲಸದವರು ಬಳಸುವ ಹುಣಸೆಬೀಜದ ಅಂಟು ಗಟ್ಟಿಯೇನೋ ಹೌದು, ಆದರೆ ಅದನ್ನು ತಯಾರಿಸುವ ಪಾಡು 40 ನಿಮಿಷದ ತರಗತಿಗಲ್ಲ. ಕಿನ್ನಾಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದರೆ ಬೇರೆ ಮಾತು.

ಪಾಲಕರ ಪ್ರಶ್ನೆಗೆ ಬರೋಣ. ಅವರು ಕೇಳುವುದರಲ್ಲಿ ತಪ್ಪಿಲ್ಲ, ನಾವೇ ಮಗುವಿಗೆ "ಇದೇನು? ಆನೆಯಾ?" ಎಂದು ಕೇಳಿ ಅಭ್ಯಾಸ ಮಾಡಿಸಿರುತ್ತೇವೆ. ಹಾಗೆ ಕೇಳಿದರೆ ಮಗು ನಮಗಾಗಿ ಒಂದು ಹೆಸರು ಹುಟ್ಟಿಸುತ್ತದೆ. ಅದರ ಬದಲು "ಯಾವ ಕಡೆಯಿಂದ ನೋಡಿದರೆ ಚಂದ ಕಾಣ್ತದ?", "ಯಾವ ಪಟ್ಟಿ ತೆಗೆದರೆ ಬೀಳ್ತದ?" ಎಂದು ಕೇಳಿ. ಮಗು ಹೇಳಿದ ಒಂದು ವಾಕ್ಯವನ್ನು ಅದರ ಮಾತಿನಲ್ಲೇ ಚೀಟಿಯಲ್ಲಿ ಬರೆದು ಪೀಠಕ್ಕೆ ಅಂಟಿಸಿ. ಪಾಲಕರ ಸಭೆಯ ದಿನ ವಿವರಿಸುವ ಗೋಜಿಗೆ ಹೋಗದೆ, ಬಂದವರ ಕೈಗೆ ಎರಡು ಪಟ್ಟಿ ಕೊಟ್ಟು "ಅಂಟಿಲ್ಲದೆ ನಿಲ್ಲಿಸಿರಿ ನೋಡೋಣ" ಅನ್ನಿ. ಹತ್ತು ನಿಮಿಷ ಒದ್ದಾಡಿದ ಮೇಲೆ ಮಕ್ಕಳದನ್ನು ನೋಡುವ ಕಣ್ಣೇ ಬೇರೆಯಾಗಿರುತ್ತದೆ.

ಪ್ರದರ್ಶನಕ್ಕಿಡುವಾಗ ಗೋಡೆಗೆ ಒತ್ತಿ ಸಾಲಾಗಿ ಇಡಬೇಡಿ, ಸುತ್ತ ತಿರುಗಿ ನೋಡುವಂತಿರಲಿ. ಎತ್ತರ ಮಕ್ಕಳ ಕಣ್ಣಿನ ಮಟ್ಟಕ್ಕೆ, ಎರಡು ಡೆಸ್ಕು ಜೋಡಿಸಿದರೆ ಸರಿಹೋಗುತ್ತದೆ. ಆಷಾಢದ ಗಾಳಿಗೆ ಕಿಟಕಿ ಪಕ್ಕ ಇಟ್ಟದ್ದು ಉಳಿಯುವುದಿಲ್ಲ. ಪೀಠದ ಮೇಲೆ ಎರಡು ಬೆಣಚುಕಲ್ಲು ಇಡಿಸಿ, ಅದೂ ಶಿಲ್ಪದ ಭಾಗವೇ ಆಗಲಿ. ಮೈದಾ ಹಚ್ಚಿದವನ್ನು ಬೀರುವಿನಲ್ಲಿ ಮುಚ್ಚಿಟ್ಟರೆ ಜಿರಳೆ, ಇಲಿ ಬಿಡುವುದಿಲ್ಲ. ವಾರದ ಮೇಲೆ ಅವನ್ನು ಮನೆಗೆ ಕಳಿಸಿಬಿಡಿ, ಸೀಳು ಜೋಡಣೆಯವನ್ನು ಬಿಚ್ಚಿ ಚಪ್ಪಟೆಯಾಗಿ ಲಕೋಟೆಯಲ್ಲಿಡಿ. ಮುಂದಿನ ಸಲ ಅದೇ ತುಂಡುಗಳನ್ನು ಬೇರೆ ಮಕ್ಕಳಿಗೆ ಹಂಚಿದರಾಯಿತು.